ಒಂದು ಕಿಲೋ ಇಳಿಸಲು ದಾವಣಗೆರೆಯವರೆಗೆ: ಬೆಂಗಳೂರಿನಲ್ಲಿ ಸೈಕಲ್ ಮತ್ತು ತೂಕದ ಲೆಕ್ಕ

"ಒಂದು ಕಿಲೋ ಇಳಿಯಬೇಕಾದರೆ ಎಷ್ಟು ಕಿಲೋಮೀಟರ್ ಸೈಕಲ್ ತುಳಿಯಬೇಕು?" ತೂಕ ಇಳಿಸಲು ಹೊರಟವರು ಸೈಕಲ್ ಅಂಗಡಿಗೆ ಹೋಗುವ ಮುನ್ನ ಕೇಳುವ ಪ್ರಶ್ನೆ ಇದು. ಉತ್ತರ ಕೇಳಿದರೆ ಕೆಲವರು ಅಂಗಡಿಗೆ ಹೋಗುವುದನ್ನೇ ಬಿಡಬಹುದು: ಸುಮಾರು 265 ಕಿ.ಮೀ. ಬೆಂಗಳೂರಿನಿಂದ ಹೊರಟು ತುಮಕೂರು, ಚಿತ್ರದುರ್ಗ ದಾಟಿ ದಾವಣಗೆರೆ ತಲುಪುವಷ್ಟು ದೂರ. ತಲುಪಿದ ಮೇಲೆ ಅಲ್ಲಿನ ಬೆಣ್ಣೆ ದೋಸೆ ಮುಟ್ಟದೆ ಮಲಗಬೇಕು ಎಂಬುದು ಬೇರೆ.

ಲೆಕ್ಕ ಹೀಗಿದೆ. ಮೈಯಲ್ಲಿ ಕೂಡಿದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಸುಮ್ಮನೆ ಕುಳಿತಿದ್ದರೂ ದೇಹ ತನ್ನ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಹೆಚ್ಚುಕಡಿಮೆ ಒಂದು ಕ್ಯಾಲೊರಿ ಖರ್ಚು ಮಾಡುತ್ತದೆ. ಗಂಟೆಗೆ 16ರಿಂದ 19 ಕಿ.ಮೀ. ವೇಗದಲ್ಲಿ ಸೈಕಲ್ ತುಳಿದರೆ ಆ ಖರ್ಚು ಸುಮಾರು 6.8 ಪಟ್ಟಾಗುತ್ತದೆ. 85 ಕಿಲೋ ತೂಗುವವರಿಗೆ ಗಂಟೆಗೆ 578 ಕ್ಯಾಲೊರಿ. ಅದರಲ್ಲಿ ಕುಳಿತಿದ್ದರೂ ಹೋಗುತ್ತಿದ್ದ 85ನ್ನು ಕಳೆದರೆ ಉಳಿಯುವುದು 490ರ ಆಸುಪಾಸು. ಗಂಟೆಗೆ 17 ಕಿ.ಮೀ. ಎಂದು ಹಿಡಿದರೆ ಕಿಲೋಮೀಟರಿಗೆ 29 ಕ್ಯಾಲೊರಿ. ಮೊಬೈಲ್ ಆ್ಯಪ್‌ಗಳೂ ಕೈಗಡಿಯಾರಗಳೂ ಹಲವು ಬಾರಿ ಈ ಕಳೆಯುವ ಕೆಲಸವನ್ನು ಮಾಡದೆ ದೊಡ್ಡ ಅಂಕಿಯನ್ನೇ ತೋರಿಸುತ್ತವೆ. ಅದನ್ನು ನೋಡಿ ಜನ ಇನ್ನೊಂದು ವಡೆ ಹೇಳುತ್ತಾರೆ.

ಅದೇ ವ್ಯಕ್ತಿ ಅದೇ ಒಂದು ಕಿಲೋಮೀಟರನ್ನು ನಡೆದರೆ ಖರ್ಚಾಗುವುದು ಸುಮಾರು 42 ಕ್ಯಾಲೊರಿ, ಸೈಕಲ್‌ಗಿಂತ ಒಂದೂವರೆ ಪಟ್ಟು. ಸೈಕಲ್ ಎಂಬುದು ಅಷ್ಟೊಂದು ಜಿಪುಣ ಯಂತ್ರ. ನಡೆಯುವಾಗ ಪ್ರತಿ ಹೆಜ್ಜೆಗೂ ಇಡೀ ಮೈಯನ್ನು ಸ್ವಲ್ಪ ಮೇಲೆತ್ತಿ ಇಳಿಸುತ್ತೇವೆ, ಪ್ರತಿ ಹೆಜ್ಜೆಗೂ ಓಟವನ್ನು ಸ್ವಲ್ಪ ತಡೆದು ಮತ್ತೆ ಶುರುಮಾಡುತ್ತೇವೆ. ಸೈಕಲ್ ಮೇಲೆ ಮೈಯ ಭಾರವನ್ನು ಸೀಟು ಹೊರುತ್ತದೆ, ಚಕ್ರ ಉರುಳುತ್ತಲೇ ಇರುತ್ತದೆ, ಎಣ್ಣೆ ಕಂಡ ಚೈನ್ ಕಾಲಿನ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತೈದು ಪಾಲಿಗೂ ಹೆಚ್ಚನ್ನು ಹಿಂಬದಿ ಚಕ್ರಕ್ಕೆ ಮುಟ್ಟಿಸುತ್ತದೆ. 1973ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಎಸ್.ಎಸ್. ವಿಲ್ಸನ್ ಅವರು ಪ್ರಾಣಿಗಳನ್ನೂ ಯಂತ್ರಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ್ದು ಇದನ್ನೇ: ತನ್ನ ತೂಕಕ್ಕೆ ತಕ್ಕಂತೆ ನೋಡಿದರೆ, ಅತಿ ಕಡಿಮೆ ಶಕ್ತಿಯಲ್ಲಿ ದೂರ ಕ್ರಮಿಸುವ ಜೀವಿ ಸೈಕಲ್ ಏರಿದ ಮನುಷ್ಯ.

ಹಾಗಾದರೆ ತೂಕ ಇಳಿಸಲು ಇಷ್ಟು ಜಿಪುಣ ಯಂತ್ರ ಯಾಕೆ? ಯಾಕೆಂದರೆ ಮೈ ಕರಗುವುದು ಗಂಟೆಗಳಿಂದ. ನಡಿಗೆಯಲ್ಲಿ ಗಂಟೆಗೆ 210 ಕ್ಯಾಲೊರಿ ಹೋದರೆ ಸೈಕಲ್‌ನಲ್ಲಿ 490. ಅದಕ್ಕಿಂತ ಮುಖ್ಯವಾದ ಸಂಗತಿ, ಒಂದು ಗಂಟೆ ಮುಗಿದ ಮೇಲೂ ಮನೆಗೆ ತಿರುಗಲು ಮನಸ್ಸಾಗುವುದಿಲ್ಲ. ತೂಕ ಇಳಿಸಲು ಹೊರಟು ಸೈಕಲ್ಲಿನ ಮೋಹಕ್ಕೆ ಬಿದ್ದವರಲ್ಲಿ ನಾನೂ ಒಬ್ಬ. ಇದನ್ನು ಬರೀ ಮನಸ್ಸಿನ ಲಹರಿ ಎಂದೇ ಬಹಳ ಕಾಲ ಅಂದುಕೊಂಡಿದ್ದೆ. ಇದರ ಹಿಂದೆ ಗಟ್ಟಿಯಾದ ಶರೀರಶಾಸ್ತ್ರವಿದೆ, ಸ್ವಲ್ಪ ಭೂಗೋಳವೂ ಇದೆ.

ಮೋಹ ಹುಟ್ಟುವ ಜಾಗ

ಯಾವ ವ್ಯಾಯಾಮಕ್ಕೂ ಒಂದು ಗೆರೆ ಇರುತ್ತದೆ. ಆ ಗೆರೆಯ ಕೆಳಗೆ ಇರುವವರೆಗೆ ಉಸಿರು ಜೋರಾದರೂ ಮಾತನಾಡಬಹುದು. ಗೆರೆ ದಾಟಿದೊಡನೆ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ, ಅದನ್ನು ಹೊರಹಾಕಲು ಉಸಿರಾಟ ಒಮ್ಮೆಲೇ ಏರುತ್ತದೆ. ವಾಕ್ಯ ಪೂರ್ತಿಯಾಗುವುದಿಲ್ಲ, ಪದಗಳು ತುಂಡಾಗುತ್ತವೆ. ವ್ಯಾಯಾಮ ಮಾಡುವಾಗ ಜನರಿಗೆ ಆಗುವ ಹಿತ–ಅಹಿತವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಪ್ಯಾಂಟೆಲಿಮಾನ್ ಎಕ್ಕೆಕಾಕಿಸ್ ಎಂಬ ಸಂಶೋಧಕ ಕಂಡದ್ದು ಇಷ್ಟು: ಗೆರೆಯ ಕೆಳಗೆ ಹೆಚ್ಚಿನವರಿಗೆ ಹಿತವೆನಿಸುತ್ತದೆ, ಮೇಲೆ ಹೋದಂತೆ ಬಹುತೇಕ ಎಲ್ಲರಿಗೂ ಹಿಂಸೆಯಾಗುತ್ತದೆ. ಮಾಡುವ ಹೊತ್ತಿನಲ್ಲಿ ಹಿತವೆನಿಸಿದ್ದನ್ನು ಜನ ಮತ್ತೆ ಮಾಡುತ್ತಾರೆ. ಮುಗಿದ ಮೇಲೆ ಸಿಗುವ ನೆಮ್ಮದಿ ಅಷ್ಟು ಲೆಕ್ಕಕ್ಕೆ ಬರುವುದಿಲ್ಲ.

ತೂಕ ಹೆಚ್ಚಿರುವವರ ಕಷ್ಟ ಇಲ್ಲಿಯೇ ಇದೆ. ಅವರ ಗೆರೆ ಬಹಳ ಕೆಳಗಿರುತ್ತದೆ. ಮೂರನೇ ಮಹಡಿಗೆ ಮೆಟ್ಟಿಲು ಹತ್ತಿದರೆ ಸಾಕು, ದಾಟಿಬಿಡುತ್ತಾರೆ. ಜಿಮ್‌ನಲ್ಲಿ ಟ್ರೆಡ್‌ಮಿಲ್ಲಿನ ವೇಗವನ್ನು ಬೇರೊಬ್ಬರು ಒತ್ತಿ ಇಟ್ಟರೆ ಇಡೀ ಅರ್ಧ ಗಂಟೆ ಗೆರೆಯಾಚೆಯೇ ಕಳೆಯುತ್ತದೆ. ಅಲ್ಲಿಂದ ಬಂದವರು ಎರಡನೇ ತಿಂಗಳು ಹೋಗದೆ ಉಳಿದರೆ ಅದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಜಿಮ್ಮಿಗೆ ವರ್ಷದ ಹಣ ಕಟ್ಟಿಸಿಕೊಳ್ಳುವವರಿಗೆ ಈ ವಿಷಯ ಚೆನ್ನಾಗಿ ಗೊತ್ತಿರಬೇಕು ಎಂದು ನನ್ನ ಗುಮಾನಿ.

ಸೈಕಲ್ಲಿನಲ್ಲಿ ಆ ಗೆರೆಯ ಯಜಮಾನಿಕೆ ಬಲಗೈ ಹೆಬ್ಬೆರಳಿಗೆ ಬರುತ್ತದೆ. ಗೇರ್ ಎಂದರೆ ಅದೇ. ಮುಂದಿನ ಹಲ್ಲುಚಕ್ರಕ್ಕಿಂತ ಹಿಂದಿನದು ದೊಡ್ಡದಾದಷ್ಟೂ ಒಂದು ಸುತ್ತು ಪೆಡಲಿಗೆ ಸೈಕಲ್ ಕಡಿಮೆ ದೂರ ಹೋಗುತ್ತದೆ, ಕಾಲಿಗೆ ಬೀಳುವ ಭಾರವೂ ಕಡಿಮೆಯಾಗುತ್ತದೆ. ಕೆಲಸ ಅಷ್ಟೇ ಉಳಿಯುತ್ತದೆ, ಅದನ್ನು ಸಣ್ಣ ಸಣ್ಣ ಕಂತುಗಳಲ್ಲಿ ತೀರಿಸುತ್ತೀರಿ. ಏರು ಬಂದರೆ ಗೇರ್ ಇಳಿಸಿ ನಿಧಾನವಾದರಾಯಿತು, ಉಸಿರು ಗೆರೆಯ ಕೆಳಗೇ ಇರುತ್ತದೆ. ಹೊಸಬರು ಗಟ್ಟಿ ಗೇರಿನಲ್ಲಿ ನಿಮಿಷಕ್ಕೆ ಐವತ್ತು ಸುತ್ತು ಒತ್ತಿ ಒತ್ತಿ ತುಳಿಯುತ್ತಾರೆ. ವ್ಯಾಯಾಮ ಎಂದರೆ ಕಷ್ಟಪಡಬೇಕು ಎಂಬ ನಂಬಿಕೆ ಅವರದು. ಹಗುರ ಗೇರಿನಲ್ಲಿ ಎಪ್ಪತ್ತು ಎಂಬತ್ತು ಸುತ್ತು ತಿರುಗಿಸಿದರೆ ಮಂಡಿಯೂ ಉಳಿಯುತ್ತದೆ, ತೊಡೆಯೂ ಬೇಗ ಸೋಲುವುದಿಲ್ಲ.

ಮಂಡಿಯ ಮಾತು ಬಂದದ್ದರಿಂದ ಹೇಳುತ್ತೇನೆ. ನಡೆಯುವಾಗ ಮಂಡಿಯ ಕೀಲಿನ ಮೇಲೆ ಮೈತೂಕದ ಎರಡು ಪಟ್ಟಿಗೂ ಹೆಚ್ಚು ಒತ್ತಡ ಬೀಳುತ್ತದೆ, ಮೆಟ್ಟಿಲಲ್ಲಿ ಇನ್ನೂ ಹೆಚ್ಚು. ಹಗುರವಾಗಿ ಸೈಕಲ್ ತುಳಿಯುವಾಗ ಅದು ಮೈತೂಕದ ಆಸುಪಾಸಿನಲ್ಲೇ ಇರುತ್ತದೆ. ಮಂಡಿಯೊಳಗೆ ಅಳತೆಯ ಉಪಕರಣ ಕೂರಿಸಿದ ಕೃತಕ ಕೀಲುಗಳಿಂದಲೇ ಇದನ್ನು ಅಳೆದಿದ್ದಾರೆ. ನೂರು ಕಿಲೋ ದಾಟಿದವರಿಗೆ "ಮೊದಲು ಓಡಲು ಶುರುಮಾಡಿ" ಎಂದು ಸಲಹೆ ಕೊಡುವವರು ಈ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು.

ಕೆಂಪೇಗೌಡರ ಗೋಪುರಗಳು ಮತ್ತು ನಮ್ಮ ತೊಡೆಗಳು

ಬೆಂಗಳೂರು ಸಮತಟ್ಟಾದ ಊರು ಎಂದು ಕಾರಿನಲ್ಲಿ ಓಡಾಡುವವರು ಭಾವಿಸಿರುತ್ತಾರೆ. ಸೈಕಲ್ ಏರಿದ ಮೊದಲ ವಾರವೇ ಆ ಭ್ರಮೆ ಹರಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಈ ಊರಿನ ನಡುವೆ ಉತ್ತರ–ದಕ್ಷಿಣವಾಗಿ ಒಂದು ದಿಬ್ಬದ ಸಾಲು ಹಾದುಹೋಗುತ್ತದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯ ಮೂಲಕ ಅರ್ಕಾವತಿ, ಕಾವೇರಿಗೆ ಹೋದರೆ, ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿ ಸೇರುತ್ತದೆ. ಕೆರೆಗಳೆಲ್ಲ ಕಣಿವೆಯಲ್ಲಿ, ಹಳೆಯ ಬಡಾವಣೆಗಳು ಹಲವು ದಿಬ್ಬದ ಮೇಲೆ. ಕೆಂಪೇಗೌಡರ ಹೆಸರಿನಲ್ಲಿರುವ ಗೋಪುರಗಳಲ್ಲಿ ಒಂದು ಲಾಲ್‌ಬಾಗಿನ ಬಂಡೆಯ ನೆತ್ತಿಯಲ್ಲಿದೆ, ಇನ್ನೊಂದು ಮೇಖ್ರಿ ವೃತ್ತದ ಬಳಿ ಎತ್ತರದ ಜಾಗದಲ್ಲಿದೆ. ಕಾವಲಿಗೆ ಎತ್ತರ ಹುಡುಕಿದವರ ಆಯ್ಕೆಯನ್ನು ಶತಮಾನಗಳ ಮೇಲೆ ನಮ್ಮ ತೊಡೆಗಳು ಅನುಮೋದಿಸುತ್ತಿವೆ.

ಹೆಬ್ಬಾಳದ ಕೆರೆಯ ಕಡೆಯಿಂದ ಮೇಖ್ರಿ ವೃತ್ತದ ಕಡೆಗೆ ಬನ್ನಿ. ಬಸ್ಸಿನಲ್ಲಿ ಕುಳಿತಿದ್ದರೆ ಏರು ಗೊತ್ತೇ ಆಗುವುದಿಲ್ಲ. ಸೈಕಲ್ಲಿನಲ್ಲಿ ಮೊದಲು ಹೇಳುವುದು ಕಿವಿ: ಟೈರಿನ ಸದ್ದು ತಗ್ಗಿ ನಿಮ್ಮದೇ ಉಸಿರಿನ ಸದ್ದು ಮೇಲೇಳುತ್ತದೆ. ಆಮೇಲೆ ಅಂಗೈ, ತಿಳಿಯದೆಯೇ ಹ್ಯಾಂಡಲನ್ನು ಬಿಗಿಯಾಗಿ ಹಿಡಿದಿರುತ್ತದೆ. ಭುಜ ಕಿವಿಯತ್ತ ಏರುತ್ತದೆ. ಗೇರ್ ಇಳಿಸಬೇಕಾದ ಹೊತ್ತು ಅದು. ಚೈನ್ ಟಕ್ ಎಂದು ದೊಡ್ಡ ಹಲ್ಲುಚಕ್ರಕ್ಕೆ ಹತ್ತಿದೊಡನೆ ಕಾಲು ಇದ್ದಕ್ಕಿದ್ದಂತೆ ಹಗುರಾಗುತ್ತದೆ, ಭುಜ ತಾನಾಗಿ ಇಳಿಯುತ್ತದೆ.

ಈಗ ಇದಕ್ಕೆ ಅಂಕಿ ಹಚ್ಚೋಣ. ಐವತ್ತು ಮೀಟರ್ ಎತ್ತರದ ಒಂದು ಏರು ಎಂದುಕೊಳ್ಳಿ. ಸವಾರ 90 ಕಿಲೋ, ಸೈಕಲ್ 15 ಕಿಲೋ, ಒಟ್ಟು 105. ಈ ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವ ಕೆಲಸ ಸುಮಾರು 51 ಕಿಲೋಜೂಲ್. ನಮ್ಮ ಸ್ನಾಯು ತಾನು ಉರಿಸಿದ್ದರಲ್ಲಿ ಕಾಲು ಭಾಗವನ್ನಷ್ಟೇ ಪೆಡಲಿಗೆ ಕೊಟ್ಟು ಉಳಿದದ್ದನ್ನು ಶಾಖವಾಗಿ ಬಿಡುತ್ತದೆ. ಹಾಗಾಗಿ ಒಂದು ಅನುಕೂಲದ ಲೆಕ್ಕ ಸಿಗುತ್ತದೆ: ಪೆಡಲಿಗೆ ಒಂದು ಕಿಲೋಜೂಲ್ ಸೇರಿದರೆ ಮೈಯಲ್ಲಿ ಹೆಚ್ಚುಕಡಿಮೆ ಒಂದು ಕ್ಯಾಲೊರಿ ಹೋಗಿರುತ್ತದೆ. ಅಂದರೆ ಅಷ್ಟು ಏದುಸಿರು ಬಿಟ್ಟು ಹತ್ತಿದ ಏರಿಗೆ ಐವತ್ತು ಕ್ಯಾಲೊರಿ, ಎರಡೂವರೆ ಚಮಚ ಸಕ್ಕರೆಯಷ್ಟು. ವೃತ್ತದ ಬಳಿ ನಿಂತು ಸಿಹಿ ಹೆಚ್ಚಿರುವ ಒಂದು ಚಹಾ ಕುಡಿದರೆ ಲೆಕ್ಕ ಚುಕ್ತಾ.

ಆದರೆ ಅದೇ ಏರು ಬೇರೊಂದು ರೀತಿಯಲ್ಲಿ ಕೈಹಿಡಿಯುತ್ತದೆ. ಹೊಸ ಸವಾರನ ಕಾಲು ಏರಿಗಾಗಿ ನೂರು ವ್ಯಾಟ್ ಕೊಡಬಲ್ಲದು ಎಂದಿಟ್ಟುಕೊಳ್ಳಿ. ಆಗ ಆ ಏರಿಗೆ ಎಂಟೂವರೆ ನಿಮಿಷ ಹಿಡಿಯುತ್ತದೆ. ಕೆಲವು ತಿಂಗಳಲ್ಲಿ ಹತ್ತು ಕಿಲೋ ಇಳಿದರೆ ಅಷ್ಟಕ್ಕೇ ಸಮಯ 7 ನಿಮಿಷ 45 ಸೆಕೆಂಡಿಗೆ ಬರುತ್ತದೆ. ಅದೇ ಅವಧಿಯಲ್ಲಿ ಹೃದಯ ಮತ್ತು ತೊಡೆ ಪಳಗಿ ನೂರರ ಜಾಗದಲ್ಲಿ ನೂರಮೂವತ್ತು ವ್ಯಾಟ್ ಬಂದರೆ ಆರು ನಿಮಿಷ ಸಾಕು. ತೂಕ ಇಳಿದದ್ದಕ್ಕಿಂತ ಪಳಗಿದ್ದರ ಪಾಲು ಇಲ್ಲಿ ದೊಡ್ಡದು ಎಂಬುದನ್ನು ಗಮನಿಸಿ. ಇನ್ನೂ ಒಂದು ವಿಷಯ: ಪಳಗುವ ಕೆಲಸ ತೂಕ ಇಳಿಯುವುದಕ್ಕಿಂತ ಬೇಗ ಕಾಣುತ್ತದೆ. ತಕ್ಕಡಿಯ ಮುಳ್ಳು ಅಲ್ಲಾಡದ ವಾರದಲ್ಲೂ ಏರು ಸುಲಭವಾಗಿರುತ್ತದೆ. ತೂಕ ಇಳಿಸಲೆಂದು ಬಂದವರು ಆ ವಾರವೇ ಸೈಕಲ್ಲಿಗಾಗಿ ಸೈಕಲ್ ತುಳಿಯಲು ಶುರುಮಾಡುತ್ತಾರೆ. ನಿನ್ನೆ ಇಳಿದು ತಳ್ಳಿಕೊಂಡು ಹೋದ ಜಾಗವನ್ನು ಇಂದು ಕುಳಿತೇ ದಾಟಿದ್ದನ್ನು ಯಾವ ಪಥ್ಯದ ಪಟ್ಟಿಯೂ ಕೊಡಲಾರದು.

ಊರಿನ ಸಿಗ್ನಲ್‌ಗಳ ಲೆಕ್ಕ ಇದಕ್ಕೆ ತದ್ವಿರುದ್ಧ. ನಿಂತಲ್ಲಿಂದ ಹೊರಟು ಗಂಟೆಗೆ 18 ಕಿ.ಮೀ. ವೇಗಕ್ಕೆ ಬರಲು ನೂರು ಕಿಲೋ ಭಾರಕ್ಕೆ ಬೇಕಾದ ಶಕ್ತಿ 1,250 ಜೂಲ್ ಮಾತ್ರ, ಒಂದೂಕಾಲು ಕ್ಯಾಲೊರಿ. ಆದರೆ ಹಿಂದಿನ ಆಟೊದ ಹಾರನ್ನಿಗೆ ಬೆದರಿ ಐದು ಸೆಕೆಂಡಿನಲ್ಲಿ ಆ ವೇಗ ಪಡೆದರೆ ಕಾಲು 250 ವ್ಯಾಟ್ ಕೊಡಬೇಕು. ತೂಕಕ್ಕೆ ಏನೂ ಸಿಗಲಿಲ್ಲ, ಗೆರೆ ಮಾತ್ರ ದಾಟಿತು. ಹತ್ತು ಸಿಗ್ನಲ್ ಹೀಗೆ ಕಳೆದವರು ಕಚೇರಿ ತಲುಪುವಾಗ ಸೋತು ಸುಣ್ಣವಾಗಿರುತ್ತಾರೆ. ಇದಕ್ಕೆ ಪರಿಹಾರ ಸಣ್ಣದು: ಕೆಂಪು ದೀಪ ಕಂಡೊಡನೆ, ಸೈಕಲ್ ಇನ್ನೂ ಚಲಿಸುತ್ತಿರುವಾಗಲೇ, ಎರಡು ಮೂರು ಗೇರ್ ಇಳಿಸಿಡಬೇಕು. ಸಾಮಾನ್ಯ ಗೇರ್ ಸೈಕಲ್‌ಗಳಲ್ಲಿ ಪೆಡಲ್ ತಿರುಗುತ್ತಿದ್ದರೆ ಮಾತ್ರ ಚೈನ್ ಜಾಗ ಬದಲಿಸುತ್ತದೆ. ನಿಂತ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಗಾಳಿಯ ಬಗ್ಗೆ ಒಂದೇ ಮಾತು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ, ಅದನ್ನು ಎದುರಿಸಲು ಬೇಕಾದ ವ್ಯಾಟ್ ಘನಕ್ಕೆ ತಕ್ಕಂತೆ. ವೇಗ ಎರಡು ಪಟ್ಟಾದರೆ ಗಾಳಿಗೆ ಕೊಡುವ ವ್ಯಾಟ್ ಎಂಟು ಪಟ್ಟು. ಮುಂಗಾರಿನಲ್ಲಿ ಬೆಂಗಳೂರಿಗೆ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಜುಲೈ ತಿಂಗಳಲ್ಲಿ ಮಾಗಡಿ ರಸ್ತೆ ಹಿಡಿದು ಹೋಗುವಾಗ ನಿಧಾನವಾದರೆ ಮೈಯಲ್ಲಿ ಶಕ್ತಿ ಇಲ್ಲವೆಂದು ಕೊರಗಬೇಡಿ, ವಾಪಸು ಬರುವಾಗ ಅದೇ ಗಾಳಿ ಬೆನ್ನು ತಳ್ಳುತ್ತದೆ.

ತಕ್ಕಡಿ ಯಾಕೆ ಮುನಿಸಿಕೊಳ್ಳುತ್ತದೆ

ಕಾಗದದ ಮೇಲೆ ವಾರಕ್ಕೆ ಐದು ಗಂಟೆ ತುಳಿದರೆ 2,450 ಕ್ಯಾಲೊರಿ, ಮೂರು ವಾರಕ್ಕೆ ಒಂದು ಕಿಲೋ. ನಿಜ ಜೀವನದಲ್ಲಿ ಹಾಗಾಗುವುದು ಅಪರೂಪ.

ಮೊದಲ ಕಾರಣ ನೀರು. ಸ್ನಾಯುಗಳಲ್ಲಿ ಗ್ಲೈಕೊಜೆನ್ ಎಂಬ ಸಕ್ಕರೆಯ ದಾಸ್ತಾನು ನಾಲ್ಕೈದು ನೂರು ಗ್ರಾಂನಷ್ಟು ಇರುತ್ತದೆ, ಪ್ರತಿ ಗ್ರಾಂ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಥ್ಯ ಶುರುಮಾಡಿದ ಮೊದಲ ವಾರ ಎರಡು ಕಿಲೋ ಇಳಿಯಿತು ಎಂದು ಕುಣಿಯುವವರಲ್ಲಿ ಹೆಚ್ಚಿನ ಪಾಲು ಇಳಿದಿರುವುದು ಈ ನೀರು. ಸೈಕಲ್ ಅಭ್ಯಾಸವಾದ ಸ್ನಾಯು ಮೊದಲಿಗಿಂತ ಹೆಚ್ಚು ಗ್ಲೈಕೊಜೆನ್ ತುಂಬಿಟ್ಟುಕೊಳ್ಳಲು ಕಲಿಯುತ್ತದೆ, ಆಗ ನೀರು ಮರಳುತ್ತದೆ, ಮುಳ್ಳು ಮೇಲೇರುತ್ತದೆ. ಕೊಬ್ಬಿಗೂ ಇದಕ್ಕೂ ಸಂಬಂಧವಿಲ್ಲ.

ಎರಡನೆಯದು ಭಾನುವಾರದ ನಿದ್ದೆ. ಬೆಳಗ್ಗೆ ಅರವತ್ತು ಕಿ.ಮೀ. ತುಳಿದು ಬಂದವರು ಮಧ್ಯಾಹ್ನ ಊಟ ಮಾಡಿ ಮಲಗಿದರೆ ಸಂಜೆಯವರೆಗೆ ಏಳುವುದಿಲ್ಲ. ಬೇರೆ ದಿನ ಮಾಡುತ್ತಿದ್ದ ಸಣ್ಣಪುಟ್ಟ ಓಡಾಟ, ಅಂಗಡಿಗೆ ಹೋಗುವುದು, ಮಹಡಿ ಹತ್ತುವುದು, ಎಲ್ಲವೂ ಅಂದು ಕಡಿತ. ದೇಹ ಹೀಗೆ ಒಂದು ಕಡೆಯ ಖರ್ಚನ್ನು ಇನ್ನೊಂದು ಕಡೆ ಉಳಿಸುವುದಕ್ಕೆ ಬಲವಾದ ಸಾಕ್ಷ್ಯ 2012ರಲ್ಲಿ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರ ಅಧ್ಯಯನದಿಂದ ಬಂತು. ತಾಂಜಾನಿಯಾದಲ್ಲಿ ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕುವ ಹಡ್ಜಾ ಜನರು ದಿನವಿಡೀ ನಡೆದರೂ, ಮೈಯ ಗಾತ್ರವನ್ನು ಹೊಂದಿಸಿ ನೋಡಿದಾಗ ಅವರ ದಿನದ ಒಟ್ಟು ಕ್ಯಾಲೊರಿ ಖರ್ಚು ಪಾಶ್ಚಾತ್ಯ ನಗರವಾಸಿಗಳಷ್ಟೇ ಇತ್ತು. ವ್ಯಾಯಾಮ ದಂಡ ಎಂದು ಇದರ ಅರ್ಥವಲ್ಲ. ವ್ಯಾಯಾಮದ ಕ್ಯಾಲೊರಿ ಪೂರ್ತಿಯಾಗಿ ತೂಕದಲ್ಲಿ ಕಳೆಯುವುದಿಲ್ಲ ಎಂದಷ್ಟೇ.

ಮೂರನೆಯದು ಹೊಟ್ಟೆ. ಇದರ ಬಗ್ಗೆ ಬೆಂಗಳೂರಿನಲ್ಲಿ ವಿವರಿಸಬೇಕಾದ ಅಗತ್ಯವೇ ಇಲ್ಲ. ನಮ್ಮೂರಿನ ವಾರಾಂತ್ಯದ ಸೈಕಲ್ ಗುಂಪುಗಳಲ್ಲಿ ದಾರಿ ಯಾವುದು ಎಂದು ತೀರ್ಮಾನವಾಗುವ ಮೊದಲು ತಿಂಡಿ ಎಲ್ಲಿ ಎಂದು ತೀರ್ಮಾನವಾಗಿರುತ್ತದೆ. ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 120 ಕ್ಯಾಲೊರಿ ಇದೆ, ನಮ್ಮ ಲೆಕ್ಕದ ನಾಲ್ಕು ಕಿಲೋಮೀಟರ್. ಒಂದು ತಟ್ಟೆ ಕೇಸರಿಬಾತಿನಲ್ಲಿ ಎಷ್ಟು ಚಮಚ ತುಪ್ಪ ಹೊಳೆಯುತ್ತಿದೆ ಎಂದು ನೋಡಿದವರಿಗೆ ಉಳಿದದ್ದು ತಾನಾಗಿ ಹೊಳೆಯುತ್ತದೆ. ನಾನು ತಿಂಡಿಯ ವಿರೋಧಿಯಲ್ಲ. ಗುಂಪಿನೊಡನೆ ಇಡ್ಲಿ ತಿನ್ನುವ ಆಸೆಗೆ ಬೆಳಗ್ಗೆ ಐದಕ್ಕೆ ಏಳುವವರನ್ನು ತಡೆದರೆ ಸೈಕಲ್ಲೂ ನಿಂತುಹೋಗುತ್ತದೆ. ಇಡ್ಲಿಗೆ ನಿಲ್ಲಿಸಿ, ಬಾಯಿಗೆ ಸಿಹಿ ಬೇಕೇಬೇಕೆಂದರೆ ಒಂದು ತಟ್ಟೆಯನ್ನು ನಾಲ್ವರು ಹಂಚಿಕೊಳ್ಳಿ.

ಆದುದರಿಂದ ತೂಕ ಇಳಿಯುವುದರಲ್ಲಿ ಅಡುಗೆಮನೆಯ ಪಾಲು ದೊಡ್ಡದು, ಇಳಿದ ತೂಕ ಮರಳದಂತೆ ನೋಡಿಕೊಳ್ಳುವುದರಲ್ಲಿ ಸೈಕಲ್ಲಿನ ಪಾಲು ದೊಡ್ಡದು. ಅಮೆರಿಕದ ಕ್ರೀಡಾ ವೈದ್ಯಕೀಯ ಕಾಲೇಜು ಎಂಬ ತಜ್ಞರ ಸಂಸ್ಥೆ 2009ರಲ್ಲಿ ಪ್ರಕಟಿಸಿದ ನಿಲುವಿನ ಪ್ರಕಾರ ವಾರಕ್ಕೆ 150ರಿಂದ 250 ನಿಮಿಷದ ಸಾಧಾರಣ ವ್ಯಾಯಾಮ ತೂಕ ಏರದಂತೆ ತಡೆಯುತ್ತದೆ, ಆದರೆ ಇಳಿಸುವುದು ಅಲ್ಪ. ಗಮನಾರ್ಹವಾಗಿ ಇಳಿಯಬೇಕಾದರೆ 250 ನಿಮಿಷ ದಾಟಬೇಕು.

ತಕ್ಕಡಿಗಿಂತ ಅಳತೆಪಟ್ಟಿಯನ್ನು ನಂಬುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ, ನಮ್ಮವರಿಗಂತೂ ಹೌದು. ಅದೇ ಎತ್ತರ, ಅದೇ ತೂಕದ ಯುರೋಪಿಯನ್ನರಿಗೆ ಹೋಲಿಸಿದರೆ ದಕ್ಷಿಣ ಏಷ್ಯಾದವರಲ್ಲಿ ಹೊಟ್ಟೆಯೊಳಗೆ, ಯಕೃತ್ತು ಕರುಳುಗಳ ಸುತ್ತ ಕೂಡುವ ಕೊಬ್ಬು ಹೆಚ್ಚು. ಅದಕ್ಕಾಗಿಯೇ ನಮ್ಮ ಗಂಡಸರಿಗೆ ಸೊಂಟದ ಸುತ್ತಳತೆಯ ಮಿತಿ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಎಂದು ಇಟ್ಟಿದ್ದಾರೆ. ಐಸಿಎಂಆರ್–ಇಂಡಿಯಾಬ್ ಎಂಬ ರಾಷ್ಟ್ರೀಯ ಸಕ್ಕರೆ ಕಾಯಿಲೆ ಅಧ್ಯಯನದ 2023ರ ವರದಿ ಭಾರತದ ವಯಸ್ಕರಲ್ಲಿ ಶೇ 39.5ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜು ಇದೆ ಎಂದಿತು. ನಿಯಮಿತ ವ್ಯಾಯಾಮ, ತೂಕ ಹೆಚ್ಚು ಬದಲಾಗದಿದ್ದರೂ, ಮೊದಲು ಕರಗಿಸುವುದು ಈ ಒಳಗಿನ ಕೊಬ್ಬನ್ನೇ. ಇದರ ಜೊತೆಗೆ, ದುಡಿಯುತ್ತಿರುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ಇನ್ಸುಲಿನ್‌ನ ನೆರವಿಲ್ಲದೆಯೂ ಒಳಕ್ಕೆ ಎಳೆದುಕೊಳ್ಳಬಲ್ಲದು. ಸಕ್ಕರೆ ಕಾಯಿಲೆಯ ಗಡಿಯಲ್ಲಿರುವವರಿಗೆ ಇದು ತೂಕಕ್ಕಿಂತ ದೊಡ್ಡ ಲಾಭ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಸೈಕಲ್ ಹಿಡಿಯುವ ಮುನ್ನ ವೈದ್ಯರೊಡನೆ ಮಾತನಾಡಲೇಬೇಕು, ನಡುರಸ್ತೆಯಲ್ಲಿ ಸಕ್ಕರೆ ಕುಸಿದರೆ ಅಪಾಯ. ಎದೆನೋವು, ತಲೆಸುತ್ತು ಇರುವವರಿಗೂ ಇದೇ ಮಾತು.

ಸೈಕಲ್ಲಿಗೆ ಒಂದು ದೊಡ್ಡ ಕೊರತೆಯೂ ಇದೆ. ಮೈಭಾರವನ್ನು ಸೀಟು ಹೊರುವುದರಿಂದ ಮೂಳೆಗಳಿಗೆ ಕೆಲಸವಿಲ್ಲ, ಸೊಂಟದಿಂದ ಮೇಲಿನ ಸ್ನಾಯುಗಳಿಗೂ ಅಷ್ಟಕ್ಕಷ್ಟೇ. ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದರೆ ಇಳಿದದ್ದರಲ್ಲಿ ಕಾಲು ಭಾಗದಷ್ಟು ಸ್ನಾಯುವೇ ಆಗಿರಬಹುದು. ವಾರಕ್ಕೆರಡು ದಿನ ದಂಡ, ಬಸ್ಕಿ, ಭಾರ ಎತ್ತುವುದು ಏನಾದರೂ ಇರಲಿ. ಮೂತ್ರಪಿಂಡದ ತೊಂದರೆ ಇಲ್ಲದವರು ಊಟದಲ್ಲಿ ಪ್ರೋಟೀನ್ ಹೆಚ್ಚಿಸಲಿ, ಮೈತೂಕದ ಪ್ರತಿ ಕಿಲೋಗೆ ಸುಮಾರು 1.2 ಗ್ರಾಂ. ನೂರು ಗ್ರಾಂ ಒಣ ಹುರುಳಿಯಲ್ಲಿ 22 ಗ್ರಾಂ ಪ್ರೋಟೀನ್ ಇದೆ. ಡಬ್ಬಿಯ ಪುಡಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಮೊಳಕೆ ಹುರುಳಿಯ ಸಾರನ್ನು ನೆನೆಯಬಹುದು.

ಸೀಟಿನ ಎತ್ತರ

ಸೈಕಲ್ ಮೇಲಿನ ಪ್ರೀತಿ ಮುರಿದುಬೀಳುವುದು ಹೆಚ್ಚಾಗಿ ಒಂದು ಬೋಲ್ಟಿನಿಂದ. ಹೊಸಬರು ನಿಂತಾಗ ಎರಡೂ ಪಾದ ನೆಲಕ್ಕೆ ಊರಬೇಕೆಂದು ಸೀಟನ್ನು ಕೆಳಗಿಳಿಸಿಕೊಳ್ಳುತ್ತಾರೆ. ಆಗ ಪ್ರತಿ ಸುತ್ತಿಗೂ ಮಂಡಿ ಅತಿಯಾಗಿ ಮಡಚಿ, ಮಂಡಿಚಿಪ್ಪಿನ ಹಿಂದೆ ಒತ್ತಡ ಕೂಡಿ, ಎರಡು ವಾರಕ್ಕೆ ಮಂಡಿಯ ಮುಂಭಾಗ ನೋಯುತ್ತದೆ. "ಸೈಕಲ್ ನನಗೆ ಒಗ್ಗಲಿಲ್ಲ" ಎಂದು ಅದು ಬಾಲ್ಕನಿ ಸೇರಿ, ಒಣಗುವ ಟವೆಲ್ಲಿಗೆ ಆಸರೆಯಾಗುತ್ತದೆ.

ಸರಿಯಾದ ಎತ್ತರ ಕಂಡುಕೊಳ್ಳಲು ಗೋಡೆಯೊಂದು ಸಾಕು. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಒಂದು ಪೆಡಲನ್ನು ತಳಕ್ಕೆ ತನ್ನಿ. ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ಒಂದು ಕಡೆಗೆ ವಾಲದೆ ಕಾಲು ನೆಟ್ಟಗಾದರೆ ಎತ್ತರ ಸರಿಯಿದೆ. ಆಮೇಲೆ ತುಳಿಯುವಾಗ ಇಡುವಂತೆ ಪಾದದ ಮುಂಭಾಗವನ್ನು ಪೆಡಲಿನ ಮೇಲಿಟ್ಟರೆ ಮಂಡಿಯಲ್ಲಿ ತಾನಾಗಿ 25ರಿಂದ 35 ಡಿಗ್ರಿ ಬಾಗು ಉಳಿಯುತ್ತದೆ. ಈ ಎತ್ತರದಲ್ಲಿ ಕುಳಿತೇ ನೆಲ ಮುಟ್ಟಲು ಹೋದರೆ ಕಾಲ್ಬೆರಳ ತುದಿ ಮಾತ್ರ ತಾಗುತ್ತದೆ. ಆದ್ದರಿಂದ ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಜಾರಿ ಕಾಲೂರುವುದನ್ನು ಕಲಿಯಬೇಕು. ಮನೆಯ ಮುಂದಿನ ಅಡ್ಡರಸ್ತೆಯಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡಿದರೆ ಬರುತ್ತದೆ. ಮಂಡಿಯ ಹಿಂಭಾಗ ನೋವಾದರೆ ಸೀಟು ಅತಿ ಎತ್ತರವಾಗಿದೆ ಎಂದರ್ಥ.

ದಪ್ಪ ಮೆತ್ತೆಯ ಸೀಟಿನ ಕವರ್ ಕೊಳ್ಳಬೇಡಿ. ಕೂರುವ ಮೂಳೆಗಳು ಮೆತ್ತೆಯಲ್ಲಿ ಹೂತು, ಒತ್ತಡ ಬೀಳಬಾರದ ಮೃದು ಭಾಗದ ಮೇಲೆ ಬೀಳುತ್ತದೆ. ಮೊದಲ ಎರಡು ವಾರದ ನೋವು ಎಲ್ಲರಿಗೂ ಬರುತ್ತದೆ, ಹೋಗುತ್ತದೆ.

ರಸ್ತೆ

ಒಂದು ಕಾಲಕ್ಕೆ ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್ ಕಾರ್ಖಾನೆಗಳ ಪಾಳಿ ಬಿಟ್ಟಾಗ ರಸ್ತೆ ತುಂಬ ಸೈಕಲ್ಲುಗಳಿದ್ದ ಊರು ಇದು. ಅಂದಿನ ಕಾರ್ಮಿಕರು ತೂಕ ಇಳಿಸಲು ತುಳಿಯುತ್ತಿರಲಿಲ್ಲ ಎನ್ನಿ. ಆಮೇಲೆ ಜಯನಗರದಲ್ಲಿ ಸೈಕಲ್ ಪಥ ಬಂತು, ಅದರ ಮೇಲೆ ಕಾರುಗಳು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಪ್ರತ್ಯೇಕ ಪಥ ಮಾಡಿದರು, ಅದೂ ಬಹಳ ಕಾಲ ಬಾಳಲಿಲ್ಲ. ಪಥ ಬರಲಿ ಎಂದು ಕಾಯುವವರ ತೂಕ ಏರುತ್ತಲೇ ಇರುತ್ತದೆ.

ಆದರೂ ಒಂದು ಅಂಕಿ ಸೈಕಲ್ಲಿನ ಪರವಾಗಿದೆ. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ ಹತ್ತು ಕಿ.ಮೀ. ಸಾಗಲು ಸರಾಸರಿ 34 ನಿಮಿಷ ಬೇಕಿತ್ತು. ಅದು ಗಂಟೆಗೆ 17.6 ಕಿ.ಮೀ., ಮೇಲೆ ಲೆಕ್ಕ ಹಾಕಿದ ಸಾಧಾರಣ ಸೈಕಲ್ ಸವಾರನ ವೇಗವೇ. ಕಚೇರಿ ಏಳೆಂಟು ಕಿ.ಮೀ. ಒಳಗಿದ್ದರೆ ಹೋಗಿ ಬರುವುದರಲ್ಲೇ ದಿನಕ್ಕೆ ಐವತ್ತು ನಿಮಿಷ, ಐದು ದಿನಕ್ಕೆ 250 ನಿಮಿಷ. ಆ ಹೊತ್ತು ಹೇಗೂ ರಸ್ತೆಯಲ್ಲೇ ಕಳೆಯುತ್ತಿತ್ತು. ದಿನವೂ ಆಗದವರಿಗೆ ಭಾನುವಾರ ವಾಹನಗಳಿಲ್ಲದ ಕಬ್ಬನ್ ಉದ್ಯಾನವಿದೆ, ಹೊಸಬರು ಗೇರ್ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಊರೊಳಗೆ ನನಗೆ ಗೊತ್ತಿಲ್ಲ. ಹೆಲ್ಮೆಟ್, ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಇರಲೇಬೇಕು. ಚರಂಡಿಯ ಕಬ್ಬಿಣದ ಜಾಲರಿಗಳನ್ನು ನೇರವಾಗಿ ದಾಟಬೇಡಿ, ಸಂದಿಗೆ ಟೈರು ಸಿಕ್ಕಿಕೊಳ್ಳುತ್ತದೆ. ಬಣ್ಣ ಬಳಿಯದ ಹಂಪ್‌ಗಳು ಬೆಳಗಿನ ಮಬ್ಬಿನಲ್ಲಿ ಕಾಣುವುದಿಲ್ಲ.

ಮೋಹ ಹೆಚ್ಚಾದಾಗ

ಒಂದು ಹಂತದಲ್ಲಿ ಎರಡು ಗುರಿಗಳು ಜಗಳಕ್ಕೆ ನಿಲ್ಲುತ್ತವೆ. ಮೊದಲು ಹೆಸರಘಟ್ಟ, ಆಮೇಲೆ ನಂದಿ ಬೆಟ್ಟ. 1,478 ಮೀಟರ್ ಎತ್ತರದ ನಂದಿಗೆ ಬುಡದಿಂದ ಸುಮಾರು 500 ಮೀಟರ್ ಏರಬೇಕು, ಸೈಕಲ್ ಸೇರಿ ನೂರು ಕಿಲೋ ಇದ್ದವರಿಗೆ ಏರೊಂದಕ್ಕೇ ಸುಮಾರು 490 ಕ್ಯಾಲೊರಿ. ಅದಾದ ಮೇಲೆ ಯಾರೋ ಬ್ರೆವೆಯ ಸುದ್ದಿ ತೆಗೆಯುತ್ತಾರೆ: 200 ಕಿ.ಮೀ. ದೂರವನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸುವ ಸವಾರಿ. ಇಷ್ಟು ಹೊತ್ತಿಗೆ ತೂಕ ಇಳಿಸುವ ಆಸೆಯೂ ಉಳಿದಿರುತ್ತದೆ, ದೂರ ಹೋಗುವ ಆಸೆಯೂ ಹುಟ್ಟಿರುತ್ತದೆ. ಹಾಗಾಗಿ ಕೆಲವರು ಖಾಲಿ ಹೊಟ್ಟೆಯಲ್ಲಿ ನೂರು ಕಿ.ಮೀ.ಗೆ ಹೊರಡುತ್ತಾರೆ.

ಇದು ಕೆಲಸಕ್ಕೆ ಬಾರದ ಉಪಾಯ. ಗ್ಲೈಕೊಜೆನ್ ದಾಸ್ತಾನು ಹೆಚ್ಚೆಂದರೆ ಎರಡು ಸಾವಿರ ಕ್ಯಾಲೊರಿಯಷ್ಟು. ಅದು ಬರಿದಾದರೆ ಕೈ ನಡುಗುತ್ತದೆ, ತಣ್ಣನೆ ಬೆವರು ಬರುತ್ತದೆ, ಸಿಟ್ಟು ಬರುತ್ತದೆ, ಹಿಂದೆ ಬರುವ ಲಾರಿಯ ಮೇಲಿನ ಗಮನ ತಪ್ಪುತ್ತದೆ. ಮನೆ ಸೇರಿದ ಮೇಲೆ ಹಸಿವು ಎರಡು ದಿನ ಬಿಡುವುದಿಲ್ಲ, ಉಳಿಸಿದ್ದರ ಬಡ್ಡಿ ಸಮೇತ ತಿನ್ನಿಸುತ್ತದೆ. ಎರಡು ಗಂಟೆ ಮೀರಿದ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಹೊಟ್ಟೆಗೆ ಹೋಗಬೇಕು. ಒಂದು ಸಾಧಾರಣ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಜೇಬಿನಲ್ಲಿ ಒಂದೆರಡು ಕಡಲೆಕಾಯಿ ಚಿಕ್ಕಿ ಇದ್ದರೆ ಒಳ್ಳೆಯದು, ನೀರಿಗೆ ಚಿಟಿಕೆ ಉಪ್ಪು. ಊಟ ಕಡಿಮೆ ಮಾಡುವುದಾದರೆ ಸೈಕಲ್ ಗೋಡೆಗೆ ಒರಗಿರುವ ಸೋಮವಾರ, ಮಂಗಳವಾರ ಮಾಡಿ, ಅದೂ ಅನ್ನ ಮತ್ತು ಎಣ್ಣೆಯಲ್ಲಿ, ಕಾಳು ಮೊಸರಿನಲ್ಲಿ ಅಲ್ಲ.